‘ಬ್ಯಾಸರ’ ಅಂದ್ರ ಬರೇ ‘ಕಂಟಾಳಾ’ ಅಲ್ಲ: ಮನೋರೋಗ ಶುಶ್ರೂಷೆಯಲ್ಲಿ ಮಾತೇ ಮದ್ದಾಗುವ ಬಗೆ



ನಿಮ್ಮ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎರಡು ದಿನ ಶಾಲೆಗೆ ಬಂದಿಲ್ಲ ಅಂತ ಇಟ್ಟುಕೊಳ್ಳಿ. ಮೂರನೆಯ ದಿನ ಬಂದಾಗ ನೀವು ಕಾರಣ ಕೇಳುತ್ತೀರಿ. ‘ಅಜ್ಜೀನ ಕರ್ಕೊಂಡು ಮಿರಜಿ ದವಾಖಾನಿಗೆ ಹೋಗಿದ್ದೆ ಸರ್. ಅಪ್ಪ ಕಬ್ಬು ಕಡ್ಯಾಕ ಹೋಗ್ಯಾನ. ಅವ್ವಗ ಮರಾಠಿ ಬರೂದಿಲ್ಲ’ ಅನ್ನುತ್ತಾಳೆ. ಉಮದಿ, ಸಂಖ, ಗುಡ್ಡಾಪುರ ಕಡೆಯ ಶಾಲೆಗಳಲ್ಲಿ ಕಲಿಸುವವರಿಗೆ ಇಂಥ ಉತ್ತರ ಹೊಸದೇನಲ್ಲ. ನಾವು ಕಲಿಸಿದ ಮರಾಠಿ ಮಗುವಿನ ಉಪಯೋಗಕ್ಕೆ ಬಂತಲ್ಲ ಅಂತ ಒಳಗೊಳಗೇ ಹಿಗ್ಗುತ್ತೇವೆ ಕೂಡ.

ಆದರೆ ಅಜ್ಜಿಯ ಜಡ್ಡು ಮೈಯದ್ದಲ್ಲ, ಮನಸ್ಸಿನದು ಆಗಿದ್ದರೆ?

ಸಿಸ್ಟರ್ ಮರಾಠಿಯಲ್ಲಿ ಏನಾಗುತ್ತಿದೆ ಎಂದು ಕೇಳುತ್ತಾರೆ. ಅಜ್ಜಿ ತನ್ನ ಮಾತಿನಲ್ಲಿ, ‘ಜೀವಕ್ಕ ಬ್ಯಾಸರಾಗೇತಿ ಯವ್ವಾ, ಎದಿಯೊಳಗ ಸಂಕಟ’ ಅನ್ನುತ್ತಾಳೆ. ಹುಡುಗಿ ತನಗೆ ಗೊತ್ತಿದ್ದ ಶಬ್ದ ಹುಡುಕಿ, ‘ಕಂಟಾಳಾ ಆಲಾಯ್’ ಅಂದುಬಿಡುತ್ತಾಳೆ. ‘ಜೀವ’ ಅನ್ನುವ ಶಬ್ದ ದಾರಿಯಲ್ಲೇ ಬಿದ್ದುಹೋಯಿತು. ಬದುಕೇ ಸಾಕಾಗಿದೆ ಅಂದದ್ದು, ಹೊತ್ತು ಹೋಗುವುದಿಲ್ಲ ಅಂದಂತೆ ಕೇಳಿಸಿತು. ‘ಸಂಕಟ’ದ ಕಥೆಯೂ ಅಷ್ಟೇ. ನಮ್ಮಲ್ಲಿ ಅದು ಒಳಗಿನ ನೋವು, ತಳಮಳ. ಮರಾಠಿಯಲ್ಲಿ ಹೊರಗಿನಿಂದ ಬಂದೆರಗುವ ಆಪತ್ತು. ಒಂದೇ ಶಬ್ದ, ಗಡಿ ದಾಟಿದೊಡನೆ ಬೇರೆ ಅರ್ಥ. ಹುಡುಗಿಯದು ತಪ್ಪಲ್ಲ, ಸಿಸ್ಟರದೂ ತಪ್ಪಲ್ಲ. ಆದರೆ ಅಜ್ಜಿಯ ಮಾತಿನಲ್ಲಿದ್ದ ಅಪಾಯದ ಸೂಚನೆ ಕೇಳಬೇಕಾದವರಿಗೆ ಕೇಳಲಿಲ್ಲ.

ಇದೇಕೆ ಇಷ್ಟು ಮುಖ್ಯ? ಉಳಿದ ರೋಗಗಳಿಗೆ ರಕ್ತಪರೀಕ್ಷೆ, ಎಕ್ಸ್‌ರೇ ಇವೆ. ಮನಸ್ಸಿನ ಕಾಯಿಲೆಯಲ್ಲಿ ರೋಗಿಯ ಮಾತು ಮತ್ತು ನಡವಳಿಕೆಯೇ ಮುಖ್ಯ ಪುರಾವೆ. ಅದಕ್ಕಿಂತ ಹೆಚ್ಚಿನದೊಂದು ಸಂಗತಿ ಇದೆ. ಅಲ್ಲಿ ಮಾತು ಪುರಾವೆ ಅಷ್ಟೇ ಅಲ್ಲ, ಉಪಚಾರವೂ ಹೌದು.

ಮಿರಜ ವೈದ್ಯಕೀಯಕ್ಕೆ ಹೆಸರಾದ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಕಟ್ಟಿದ ಮಿಷನ್ ದವಾಖಾನೆ, 1962ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಕಾಲೇಜು, ಸಾಂಗ್ಲಿಯ ಸಿವಿಲ್ ಆಸ್ಪತ್ರೆ ಇವೆಲ್ಲಕ್ಕೂ ಜತ್ತ, ಅಥಣಿ, ರಾಯಬಾಗದ ಕಡೆಯಿಂದ ಕನ್ನಡ ಮಾತಾಡುವ ಜನ ಬರುತ್ತಲೇ ಇದ್ದಾರೆ. ಅಲ್ಲಿ ರೋಗಿಯ ಹತ್ತಿರ ಹೆಚ್ಚು ಹೊತ್ತು ಇರುವವರು ಡಾಕ್ಟರಲ್ಲ, ನರ್ಸು. ಗುಳಿಗೆ ಕೊಡುವವರು, ಊಟ ಆಯಿತೇ ಎಂದು ನೋಡುವವರು, ರಾತ್ರಿ ನಿದ್ದೆ ಬಾರದೆ ಕೂತವರನ್ನು ಮೊದಲು ಕಾಣುವವರು ಅವರೇ.

ಈ ಒಡನಾಟವನ್ನೇ ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್. 1952ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು, ನರ್ಸು ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ವಾದಿಸಿದರು. ಇಂದು ನರ್ಸಿಂಗ್ ವಿದ್ಯಾರ್ಥಿಗಳು ಈ ಸಂಬಂಧವನ್ನು ಸಾಮಾನ್ಯವಾಗಿ 3 ಹಂತಗಳಲ್ಲಿ ಕಲಿಯುತ್ತಾರೆ. ಮೊದಲು ಪರಿಚಯ: ನಾನು ಯಾರು, ಎಷ್ಟು ದಿನ ಇರುತ್ತೇನೆ, ನಮ್ಮ ಮಾತು ಯಾರಿಗೆ ತಿಳಿಯುತ್ತದೆ ಅನ್ನುವುದನ್ನು ಮೊದಲೇ ಹೇಳುವುದು. ಎರಡನೆಯದು ಕೆಲಸದ ಹಂತ: ತೊಂದರೆಯನ್ನು ಇಬ್ಬರೂ ಕೂಡಿ ಬಿಡಿಸಿ ನೋಡುವುದು. ಮೂರನೆಯದು ಮುಕ್ತಾಯ: ಥಟ್ಟನೆ ಕೈಬಿಡದೆ, ಮುನ್ಸೂಚನೆ ಕೊಟ್ಟು ಬೀಳ್ಕೊಡುವುದು. ಇದು ಗೆಳೆತನವಲ್ಲ. ಗೆಳೆತನದಲ್ಲಿ ಇಬ್ಬರ ಕಷ್ಟವೂ ಮಾತಿಗೆ ಬರುತ್ತದೆ. ಇಲ್ಲಿ ರೋಗಿಯ ಒಳಿತೊಂದೇ ಗುರಿ.

ಇನ್ನು ಮಾತಿನ ರೀತಿ. ಕೆಳಗಿನವನ್ನು ಓದುವಾಗ ನಿಮ್ಮ ವರ್ಗವನ್ನೂ ನೆನಪಿಟ್ಟುಕೊಳ್ಳಿ.

‘ಊಟ ಮಾಡಿದಿರಿ?’ ಅಂತ ಕೇಳಿದರೆ ಹೌದು ಅಥವಾ ಇಲ್ಲ, ಅಲ್ಲಿಗೆ ಮಾತು ಮುಗಿಯಿತು. ‘ಇವತ್ತಿನ ದಿನ ಹ್ಯಾಂಗ ಹೋತು, ಹೇಳ್ರಲಾ?’ ಅಂದರೆ ಬಾಗಿಲು ತೆರೆಯುತ್ತದೆ. ‘ಹಿಂಗ್ಯಾಕ ಮಾಡಿದಿ?’ ಅನ್ನುವ ಪ್ರಶ್ನೆ ಜವಾಬು ಕೇಳಿದಂತಾಗುತ್ತದೆ. ಕೇಳಿಸಿಕೊಂಡವರು ತಮ್ಮನ್ನು ಸಮರ್ಥಿಸಿಕೊಳ್ಳಲು ನೋಡುತ್ತಾರೆ ಇಲ್ಲವೇ ಸುಮ್ಮನಾಗುತ್ತಾರೆ. ‘ಆವಾಗ ಏನಾತು?’ ಅನ್ನುವುದು ಮೇಲು.

ನಾವೆಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು ಒಂದಿದೆ. ‘ಏನೂ ಆಗೂದಿಲ್ಲ ಬಿಡು, ಧೈರ್ಯಾ ತಗೋ’ ಅನ್ನುತ್ತೇವೆ. ಶುಶ್ರೂಷೆಯ ಪಾಠದಲ್ಲಿ ಇದಕ್ಕೆ ಹುಸಿ ಭರವಸೆ ಎಂದು ಹೆಸರು. ಕೇಳಿದವರಿಗೆ, ‘ನನ್ನ ದುಃಖ ಇವರಿಗೆ ಬ್ಯಾಡಾಗೇತಿ’ ಅನ್ನಿಸುತ್ತದೆ. ಅದರ ಬದಲು, ‘ಭಾಳ ದಿನದಿಂದ ಒಬ್ಬರ ಹೊತ್ಕೊಂಡು ಬಂದೀರಿ ಅನಸ್ತದ’ ಅಂದು ನೋಡಿ. ಅದರಲ್ಲಿ ಸಲಹೆ ಇಲ್ಲ, ತೀರ್ಪು ಇಲ್ಲ. ಅವರು ಹೇಳಿದ್ದು ಮುಟ್ಟಿದೆ ಅನ್ನುವ ಗುರುತು ಮಾತ್ರ ಇದೆ.

ಕೆಲವರಿಗೆ ಇಲ್ಲದ ದನಿಗಳು ಕೇಳಿಸುತ್ತವೆ. ‘ಗ್ವಾಡಿಯೊಳಗಿಂದ ಯಾರೋ ಬೈತಾರ’ ಅಂದಾಗ ವಾದಕ್ಕೆ ಇಳಿಯಬಾರದು, ಹೌದು ಹೌದು ಅಂತ ತಲೆಯಾಡಿಸಲೂಬಾರದು. ‘ನನಗ ಆ ದನಿ ಕೇಳವಲ್ದು. ಆದ್ರ ನಿಮಗ ಕೇಳಸ್ತದ, ಅದರಿಂದ ಅಂಜಿಕಿ ಆಗ್ತದ ಅನ್ನೂದು ತಿಳೀತು’ ಎಂದು ನರ್ಸ್ ಹೇಳುತ್ತಾರೆ. ಸುಳ್ಳನ್ನೂ ಆಡಲಿಲ್ಲ, ಮನುಷ್ಯನನ್ನೂ ಕೈಬಿಡಲಿಲ್ಲ.

ಮೌನವೂ ಒಂದು ಉಪಕರಣವೇ. ಮಿರಜದಲ್ಲಿ ತಂಬೂರಿ ತಯಾರಿಸುವವರ ಅಂಗಡಿ ನೀವು ನೋಡಿರಬಹುದು. ತಂಬೂರಿ ತಾನು ರಾಗ ಹಾಡುವುದಿಲ್ಲ. ಹಾಡುವವರಿಗೆ ಶ್ರುತಿ ತಪ್ಪದಂತೆ ಹಿಂದೆ ನಿಲ್ಲುತ್ತದೆ. ಒಳ್ಳೆಯ ನರ್ಸಿನ ಕೇಳುವಿಕೆಯೂ ಹಾಗೆಯೇ.

ಇದರ ಹಿಂದಿನ ವಿಜ್ಞಾನವೇನು? ಭಯವಾದಾಗ ಮಿದುಳಿನೊಳಗಿನ ಅಮಿಗ್ಡಲಾ ಎಂಬ, ಬಾದಾಮಿ ಆಕಾರದ ಭಾಗ ಚುರುಕಾಗುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಯೋಚಿಸಿ ಉತ್ತರಿಸುವ ಶಕ್ತಿ ಕುಗ್ಗುತ್ತದೆ. ಅದಕ್ಕೇ ಗಾಬರಿಯಾದವರ ಹತ್ತಿರ ಚಿಕ್ಕ ವಾಕ್ಯ, ತಗ್ಗಿದ ದನಿ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಶೋಧಕರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಭಾವನೆ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೆಸರು ಹೇಳಲು ತಿಳಿಸಿದಾಗ ಅಮಿಗ್ಡಲಾದ ಚಟುವಟಿಕೆ ಇಳಿಯಿತು, ಹಣೆಯ ಹಿಂದಿನ ಮಿದುಳಿನ ಒಂದು ಭಾಗದ ಚಟುವಟಿಕೆ ಏರಿತು. ಭಾವನೆಗೆ ಹೆಸರಿಡುವುದೇ ಅದರ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ ಎಂದಾಯಿತು.

ಈಗ ಅಜ್ಜಿಯ ಕಡೆ ಬನ್ನಿ. ಆ ಹೆಸರು ಆಕೆಗೆ ಯಾವ ಭಾಷೆಯಲ್ಲಿ ಸಿಗಬೇಕು? ಸಂತೆಯ ಮರಾಠಿ ಆಕೆಗೂ ಅಷ್ಟಿಷ್ಟು ಬರುತ್ತಿರಬಹುದು. ಆದರೆ ಗಂಡ ಸತ್ತ ರಾತ್ರಿಯ ದುಃಖಕ್ಕೆ ಆಕೆಯ ಹತ್ತಿರ ಇರುವುದು ಕನ್ನಡದ ಶಬ್ದ. ಅದು ಕೇಳುವವರಿಗೆ ತಿಳಿಯದಿದ್ದರೆ ಅರ್ಧ ಉಪಚಾರ ಅಲ್ಲೇ ನಿಲ್ಲುತ್ತದೆ.

ಹಾಗಂತ ಮಗುವನ್ನು ನಡುವೆ ನಿಲ್ಲಿಸುವುದು ಪರಿಹಾರವಲ್ಲ. ‘ಸಾಯಬೇಕು ಅನಸ್ತದೇನು?’ ಎಂದು ನರ್ಸ್ ಕೇಳಲೇಬೇಕಾಗುತ್ತದೆ. ಹಾಗೆ ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಎಷ್ಟೋ ಸಲ ಹೇಳಿಕೊಳ್ಳಲು ದಾರಿಯಾಗುತ್ತದೆ. ಆದರೆ ಆ ಪ್ರಶ್ನೆಯನ್ನು ಹನ್ನೆರಡು ವರ್ಷದ ಮೊಮ್ಮಗಳ ಬಾಯಿಂದ ಕೇಳಿಸಬಹುದೇ? ಅಜ್ಜಿ ಅವಳ ಮುಂದೆ ಖರೆ ಹೇಳುವುದಿಲ್ಲ. ಹೇಳಿದರೂ, ಆ ಭಾರ ಹೊತ್ತುಕೊಂಡು ಮರುದಿನ ನಿಮ್ಮ ಗಣಿತದ ತಾಸಿಗೆ ಬಂದು ಕೂಡುವವಳು ಅವಳೇ. ಲೆಕ್ಕ ತಪ್ಪಿತು ಅಂತ ನಾವು ಗದರಿಸುತ್ತೇವೆ.

ಕಾನೂನು ಈ ವಿಷಯದಲ್ಲಿ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೆಯ ಕಲಮು, ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತಮಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ಕೊಟ್ಟಿದೆ. 23ನೆಯ ಕಲಮು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಶಿಕ್ಷಕರಾಗಿ ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ದವಾಖಾನೆಗೆ ಹೊರಟ ಮನೆಯವರಿಗೆ, ಕನ್ನಡ ಬಲ್ಲ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲು ವಿಚಾರಿಸಲು ಹೇಳೋಣ. ಇಲ್ಲದಿದ್ದರೆ ರೋಗಿ ಒಪ್ಪುವ ವಯಸ್ಕರೊಬ್ಬರು ಜೊತೆಗೆ ಹೋಗಲಿ. ಅದೂ ಆಗದಿದ್ದರೆ, ಅವರ ಒಪ್ಪಿಗೆ ಪಡೆದು ಒಂದು ಚೀಟಿ ಬರೆದುಕೊಡೋಣ. ಅವರು ಆಡಿದ ಕನ್ನಡ ಮಾತನ್ನು ಇದ್ದಕ್ಕಿದ್ದಂತೆ ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಪೂರ್ತಿ ಅರ್ಥವನ್ನು ಮರಾಠಿಯಲ್ಲಿ ಕೊಡೋಣ. ಎರಡೂ ಭಾಷೆ ಬಲ್ಲ ನಮ್ಮಂಥವರಿಗೆ ಇದು ಹತ್ತು ನಿಮಿಷದ ಕೆಲಸ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಭಾಷೆ ಆರಿಸಿಕೊಳ್ಳಲೂ ಬರುತ್ತದೆ. ಅದನ್ನು ಶಾಲೆಯ ಸೂಚನಾ ಫಲಕದಲ್ಲಿ ಕನ್ನಡದಲ್ಲೇ ಬರೆಯೋಣ.

ಒಂದು ಎಚ್ಚರಿಕೆ. ನಾವು ನರ್ಸ್ ಅಲ್ಲ, ಡಾಕ್ಟರೂ ಅಲ್ಲ. ಮಗು ತನ್ನ ಕಷ್ಟ ಹೇಳಿಕೊಂಡರೆ ಕೇಳಬೇಕು. ಆದರೆ ‘ಯಾರಿಗೂ ಹೇಳೂದಿಲ್ಲ’ ಅಂತ ಮಾತು ಕೊಡಬಾರದು. ‘ನಿನ್ನ ಜೀವಕ್ಕ ಅಪಾಯ ಅನಿಸಿದ್ರ ಸಹಾಯ ಮಾಡೋರಿಗೆ ಹೇಳತೀನಿ, ನಿನಗ ತಿಳಿಸೇ ಹೇಳತೀನಿ’ ಅನ್ನಬೇಕು. ನರ್ಸ್ ಕೂಡ ಮೊದಲ ದಿನ ರೋಗಿಗೆ ಹೇಳುವುದು ಇದನ್ನೇ.

ಆ ಹುಡುಗಿ ನಾಳೆ ನಿಮ್ಮ ವರ್ಗಕ್ಕೆ ಬಂದರೆ, ತಪ್ಪಿದ ಪಾಠದ ಮಾತು ಆಮೇಲಾಗಲಿ. ಬಿಡುವಿನಲ್ಲಿ ಕರೆದು ಹತ್ತಿರ ಕೂಡಿಸಿಕೊಂಡು, ‘ದವಾಖಾನ್ಯಾಗ ಹ್ಯಾಂಗಾತವ್ವಾ?’ ಅಂತ ಕೇಳಿ. ಕೇಳಿದ ಮೇಲೆ, ಅವಳು ಉತ್ತರ ಕೊಡುವ ತನಕ ಸುಮ್ಮನಿರಿ.