ಒಂಟಿ ನಡಿಗೆಯ ಸಿದ್ಧತೆ

ಕಾಲ್ನಡಿಗೆ ಜಿನನಾಥಪುರದ ನೆಲಕ್ಕೆ ಹೊಸದಲ್ಲ. ಚಿಕ್ಕಬೆಟ್ಟದ ಮಗ್ಗುಲಲ್ಲಿರುವ ಈ ಪುಟ್ಟ ಊರಿನಲ್ಲಿ, ದಂಡನಾಯಕ ರೇಚಿಮಯ್ಯ 1200ರ ಸುಮಾರಿಗೆ ಕಟ್ಟಿಸಿದ ಶಾಂತಿನಾಥ ಬಸದಿಯಿದೆ. ಅದನ್ನು ನೋಡಲು ಬಂದವರಿಗೆ, ಪಿಂಛಿ ಕಮಂಡಲುಗಳನ್ನಷ್ಟೇ ಹಿಡಿದು ಬರಿಗಾಲಲ್ಲಿ ವಿಹಾರ ಹೊರಟ ಮುನಿಗಳೂ ಈ ಕಡೆಯ ದಾರಿಗಳಲ್ಲಿ ಎದುರಾಗುವುದುಂಟು. ನೂರಾರು ಮೈಲಿಗಳನ್ನು ನಡೆದೇ ಕ್ರಮಿಸುವ ಆ ಪರಂಪರೆಗೆ ಇಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ.

ಇಂದು ನಾನು ಹೇಳಹೊರಟಿರುವುದು ಬೇರೊಂದು ಬಗೆಯ ನಡಿಗೆಯ ವಿಚಾರ. ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಜನವಿರಳವಾದ ಕಡಲಂಚಿನಲ್ಲಿ ಮೂರು ನಾಲ್ಕು ದಿನ ಒಬ್ಬರೇ ನಡೆಯುವ ಹವ್ಯಾಸ ನಮ್ಮ ತರುಣ ತರುಣಿಯರಲ್ಲಿ ಬೆಳೆಯುತ್ತಿದೆ. ಚಾರಣವೆಂದು ಅದಕ್ಕೆ ಹೆಸರು. ಹಾಸನದಿಂದಲೂ ಚನ್ನರಾಯಪಟ್ಟಣದಿಂದಲೂ ಗೋಕರ್ಣದ ಕಡೆಗೆ ಹೀಗೆ ಹೊರಡುವವರಿದ್ದಾರೆ. ಹೋಗಬೇಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಏಕಾಂತದಲ್ಲಿ ನಡೆದವನಿಗೆ ದೊರೆಯುವ ಮನಸ್ಸಿನ ತಿಳಿ ಬೇರೆ ಯಾವುದರಿಂದಲೂ ದೊರೆಯದು. ಆದರೆ ಒಂಟಿಯಾಗಿ ಹೊರಡುವುದೆಂದರೆ ಯಾರನ್ನೂ ಲೆಕ್ಕಿಸದೆ ಹೊರಡುವುದು ಎಂಬ ಭಾವನೆಯೊಂದು ಹರಡಿದೆ. ಅದು ತಪ್ಪು, ಅಪಾಯಕರವೂ ಹೌದು.

ಈ ವಿಷಯದಲ್ಲಿ ನಮ್ಮ ಹಿರಿಯರ ವಿವೇಕ ಏನೆಂಬುದನ್ನು ಮೊದಲು ನೋಡೋಣ. ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯ ಬಳಿ ಬಂಡೆಯಲ್ಲಿ ಕೊರೆದ ಸಂಸ್ಕೃತ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮದ ಸೂಚನೆಯನ್ನು ಭದ್ರಬಾಹುಸ್ವಾಮಿಗಳಿಂದ ತಿಳಿದ ಸಂಘವು ದಕ್ಷಿಣಕ್ಕೆ ಹೊರಟುಬಂದುದನ್ನು ಅದು ಹೇಳುತ್ತದೆ. ಬೆಟ್ಟವನ್ನು ವರ್ಣಿಸುವಾಗ ಹಂದಿ, ಚಿರತೆ, ಹುಲಿ, ಕರಡಿ, ಕಿರುಬ, ಹಾವುಗಳ ಹೆಸರುಗಳನ್ನು ಪಟ್ಟಿಮಾಡುತ್ತದೆ. ದೂರದ ದಾರಿಯನ್ನು ಅವರು ಸಂಘವಾಗಿ ನಡೆದರು. ಆಯುಷ್ಯ ಮುಗಿಯಿತೆಂದು ಅರಿತ ಆಚಾರ್ಯ ಪ್ರಭಾಚಂದ್ರರು ಸಂಘವನ್ನು ಬೀಳ್ಕೊಟ್ಟದ್ದು ಬೆಟ್ಟವನ್ನು ತಲುಪಿದ ಮೇಲೆ. ಆಗಲೂ ಒಬ್ಬ ಶಿಷ್ಯ ಅವರ ಜತೆಗೆ ಉಳಿದ.

ವಟ್ಟಕೇರರ ಮೂಲಾಚಾರದಲ್ಲಿ ಏಕವಿಹಾರಿ, ಅಂದರೆ ಒಬ್ಬನೇ ಸಂಚರಿಸುವ ಮುನಿಯ ಪ್ರಸ್ತಾಪ ಬರುತ್ತದೆ. ಎಲ್ಲರಿಗೂ ಆ ಅನುಮತಿಯಿಲ್ಲ. ತಪಸ್ಸು, ಶಾಸ್ತ್ರಜ್ಞಾನ, ದೃಢವಾದ ಶರೀರ, ಧೃತಿ ಇವೆಲ್ಲವೂ ಕೂಡಿಬಂದವನಿಗೆ ಮಾತ್ರ ಅದು ಸಲ್ಲುತ್ತದೆ. ಮನಬಂದಂತೆ ವರ್ತಿಸುವವನಿಗೆ ಅದು ಸಲ್ಲದು. ಒಂಟಿತನವನ್ನು ಅವರು ಹಕ್ಕೆಂದು ತಿಳಿಯಲಿಲ್ಲ; ಗಳಿಸಬೇಕಾದ ಅರ್ಹತೆಯೆಂದು ತಿಳಿದರು. ವಿಹಾರಕ್ಕೂ ನಿಯಮಗಳಿವೆ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲಬೇಕು. ಹಗಲಿನಲ್ಲಿಯೇ ನಡೆಯಬೇಕು. ಈರ್ಯಾಸಮಿತಿಯ ಪ್ರಕಾರ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡಬೇಕು. ಕಾಲಿನ ಕೆಳಗೆ ಸಿಕ್ಕೀತೆಂಬ ಜೀವದ ಮೇಲಣ ಕರುಣೆ ಈ ನಿಯಮಗಳ ಮೂಲ. ಇಂದಿನ ಚಾರಣಿಗನಿಗೆ ಇವೇ ನಿಯಮಗಳು ಅವನ ಸ್ವಂತ ಜೀವವನ್ನು ಕಾಯುವ ಸೂತ್ರಗಳೂ ಆಗುತ್ತವೆ.

ಜನವಸತಿಯೇ ಇಲ್ಲದ ಕರಾವಳಿಯ ನಡಿಗೆಗೆ ಜಗತ್ತಿನಲ್ಲಿ ಹೆಸರಾದ ದಾರಿಯೊಂದು ಆಸ್ಟ್ರೇಲಿಯಕ್ಕೆ ಸೇರಿದ ಟಾಸ್ಮೇನಿಯಾ ದ್ವೀಪದಲ್ಲಿದೆ. ಮೆಲಲೂಕಾ ಎಂಬಲ್ಲಿಂದ ಕಾಕ್ಲ್ ಕ್ರೀಕ್‌ವರೆಗೆ ದ್ವೀಪದ ದಕ್ಷಿಣ ಅಂಚನ್ನು ಹಿಡಿದು ಸಾಗುವ ಈ ದಾರಿಯ ಉದ್ದ ಸುಮಾರು 85 ಕಿಲೋಮೀಟರು. ಕ್ರಮಿಸಲು ಆರರಿಂದ ಎಂಟು ದಿನ ಬೇಕು. ಮೆಲಲೂಕಾಕ್ಕೆ ರಸ್ತೆಯಿಲ್ಲ, ಪುಟ್ಟ ವಿಮಾನದಲ್ಲೋ ದೋಣಿಯಲ್ಲೋ ಬಂದು ಇಳಿಯಬೇಕು, ಇಲ್ಲವೆ ನಡೆದೇ ಹೋಗಬೇಕು. ನಡುದಾರಿಯಲ್ಲಿ ನ್ಯೂ ರಿವರ್ ಲಗೂನ್ ಎಂಬ ಹಿನ್ನೀರು ಅಡ್ಡಬರುತ್ತದೆ. ಅಲ್ಲಿ ಅಂಬಿಗನಿಲ್ಲ. ಹುಟ್ಟುಹಾಕುವ ದೋಣಿಗಳನ್ನು ಎರಡೂ ದಡಗಳಲ್ಲಿ ಕಟ್ಟಿರುತ್ತಾರೆ. ದಾಟಿದವನು ಎರಡು ದಡಗಳಲ್ಲೂ ದೋಣಿ ಉಳಿಯುವಂತೆ ನೋಡಿಕೊಳ್ಳಬೇಕೆಂಬುದು ನಿಯಮ. ಒಬ್ಬನೇ ಬಂದವನು ಏನು ಮಾಡಬೇಕು? ಒಂದು ದೋಣಿಯಲ್ಲಿ ಆಚೆಗೆ ಹೋಗಿ, ಅಲ್ಲಿಯ ದೋಣಿಯನ್ನು ಕಟ್ಟಿ ಎಳೆದುಕೊಂಡು ಈಚೆಗೆ ಬಂದು, ಒಂದನ್ನು ಇಲ್ಲಿ ಬಿಟ್ಟು, ಮತ್ತೊಂದರಲ್ಲಿ ಮರಳಿ ದಾಟಬೇಕು. ಒಂದು ಸಲ ದಾಟುವ ಹೊಳೆಯನ್ನು ಮೂರು ಸಲ ದಾಟುತ್ತಾನೆ. ಅವನಾರೋ, ಇವನಾರೋ, ನಾಳೆ ಬರುವ ಅಪರಿಚಿತನಿಗಾಗಿ ಈ ಶ್ರಮ. ಒಂಟಿ ನಡಿಗೆಯ ನೀತಿಯೆಲ್ಲ ಈ ಮೂರು ದಾಟುವಿಕೆಗಳಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ.

ನಮ್ಮ ಕರಾವಳಿ ಅಷ್ಟು ನಿರ್ಜನವಲ್ಲ. ಆದರೂ ಗೋಕರ್ಣದಿಂದ ಕುಮಟೆಯ ಕಡೆಗೆ ಕಡಲ ಅಂಚು ಹಿಡಿದು ಹೊರಟವನಿಗೆ ಮರಳದಂಡೆಗಳ ನಡುವೆ ಕಲ್ಲಿನ ಕೋಡುಗಳು ಸಮುದ್ರಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಕುಡ್ಲೆ, ಓಂ, ಅರ್ಧಚಂದ್ರ ಮೊದಲಾದ ದಂಡೆಗಳನ್ನು ಕಳೆದು ತದಡಿಗೆ ಬಂದರೆ ಅಘನಾಶಿನಿಯ ವಿಶಾಲವಾದ ಅಳಿವೆ. ಅಲ್ಲಿ ದೋಣಿಯಲ್ಲಿ ದಾಟುವುದು ರೂಢಿ. ನಮಗೆ ಅಂಬಿಗನಿದ್ದಾನೆ ಎಂಬುದು ಭಾಗ್ಯವೇ ಸರಿ. ಆದರೆ ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ಕೇಳಿಕೊಳ್ಳದವನು ಕತ್ತಲಲ್ಲಿ ದಡದ ಮೇಲೆ ನಿಲ್ಲಬೇಕಾಗುತ್ತದೆ.

ಸಿದ್ಧತೆಯಲ್ಲಿ ಮೊದಲನೆಯದು ಕಾಲನಿರ್ಣಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಗೆ ಮುಖಮಾಡಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯಲ್ಲಿದ್ದವರು ಗಂಗಾವಳಿಯ ಪಾಲಾದದ್ದು ನಮಗೆಲ್ಲ ನೆನಪಿದೆ. ಚಾತುರ್ಮಾಸದ ನಿಯಮವನ್ನು ಪಾಲಿಸಲು ಇದಕ್ಕಿಂತ ಬೇರೆ ಕಾರಣ ಬೇಕೆ? ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ನಡೆಯಲು ಯೋಗ್ಯವಾದುದು.

ಎರಡನೆಯದು ಕಡಲಿನ ಗತಿ. ಬಯಲುಸೀಮೆಯವರಾದ ನಮಗೆ ಕೆರೆಯ ನೀರು ಗೊತ್ತು, ಕಡಲ ನೀರು ಗೊತ್ತಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಕ್ಕಿ ತೀರಿಕೊಂಡರು. ಅವರು ಗುಂಪಿನಲ್ಲಿದ್ದವರು, ಒಂಟಿಯಾದವನ ಕೂಗನ್ನು ಕೇಳುವವರೂ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳು ದಿನಕ್ಕೆ ಎರಡೆರಡು ಬಾರಿ ಬರುತ್ತವೆ. ಒಂದು ಉಬ್ಬರಕ್ಕೂ ಅದರ ಮುಂದಿನ ಇಳಿತಕ್ಕೂ ಆರು ಗಂಟೆಗಳಿಗೆ ಸ್ವಲ್ಪ ಹೆಚ್ಚು ಅಂತರ. ಚಂದ್ರನ ಗತಿಯನ್ನು ಅನುಸರಿಸಿ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಗೋಡೆಯ ಮೇಲಣ ಪಂಚಾಂಗ ಹಬ್ಬಕ್ಕೆ ಮಾತ್ರವಲ್ಲ, ಇದಕ್ಕೂ ಒದಗುತ್ತದೆ. ನಿಖರವಾದ ಗಂಟೆಯನ್ನು ಮಾತ್ರ ಊರಿನ ಮೀನುಗಾರರಿಂದ ತಿಳಿಯಬೇಕು. ಕಲ್ಲಿನ ಕೋಡನ್ನು ಸುತ್ತಿಹೋಗುವುದಿದ್ದರೆ ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಡಬೇಕು. ಆಗ ದಾರಿ ತಪ್ಪಿದರೂ ಹಿಂದಿರುಗಲು ಹೊತ್ತು ಉಳಿಯುತ್ತದೆ. ನೀರು ಏರುತ್ತಿರುವಾಗ ಹೊರಟವನಿಗೆ ಹಿಂದಿನ ದಾರಿಯೂ ಮುಚ್ಚಿಹೋಗುತ್ತದೆ.

ಹೊರೆಯ ವಿಚಾರ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೈತೂಕದ ಐದನೆಯ ಒಂದು ಭಾಗವನ್ನು ಚೀಲ ಮೀರದಿರಲಿ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಡಲೆಕಾಯಿ ಇವು ಬೆಂಕಿಯನ್ನು ಬೇಡದ ಆಹಾರಗಳು. ಕರಾವಳಿಯ ಬೆವರಿಗೆ ದಿನಕ್ಕೆ ನಾಲ್ಕು ಲೀಟರು ನೀರು ಬೇಕಾದೀತು. ಅಷ್ಟನ್ನೂ ಹೊರಲಾಗದು, ಆದುದರಿಂದ ಸಿಹಿನೀರಿನ ಬಾವಿಗಳಿರುವ ಊರುಗಳನ್ನು ಹಿಡಿದೇ ದಾರಿಯನ್ನು ಗೊತ್ತುಮಾಡಬೇಕು. ಮೆತ್ತನೆಯ ಮರಳು ಕಾಲನ್ನು ಹಿಡಿಯುತ್ತದೆ. ಡಾಂಬರು ರಸ್ತೆಯಲ್ಲಿ ದಿನಕ್ಕೆ 25 ಕಿಲೋಮೀಟರು ನಡೆಯಬಲ್ಲವನು ಇಲ್ಲಿ 12 ಅಥವಾ 15ಕ್ಕೆ ತೃಪ್ತನಾಗಬೇಕು. ಕಾಯ್ದಿಟ್ಟ ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದೆಂಬುದನ್ನೂ ಮರೆಯಲಾಗದು.

ಇನ್ನು ಎಲ್ಲಕ್ಕೂ ಮುಖ್ಯವಾದುದು, ಮನೆಯಲ್ಲಿ ಬಿಟ್ಟುಹೋಗುವ ಚೀಟಿ. ಟಾಸ್ಮೇನಿಯಾದಂತಹ ಕಡೆ ಒಂಟಿ ನಡಿಗೆಯವರು ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಣ್ಣ ಯಂತ್ರವನ್ನು ಒಯ್ಯುತ್ತಾರೆ. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಉಪಗ್ರಹ ದೂರವಾಣಿಯನ್ನು ಬಳಸುವುದು ಕಾನೂನಿಗೆ ವಿರುದ್ಧ. ಮೊಬೈಲನ್ನು ನಂಬಿ ಕೂರಲಾಗದು. ಗುಡ್ಡದ ಮರೆಯಲ್ಲಿ ಅದು ಮೂಕವಾಗುತ್ತದೆ. ಆದುದರಿಂದ ನಮಗುಳಿದಿರುವುದು ಮನುಷ್ಯರು. ಯಾವ ದಿನ ಎಲ್ಲಿಂದ ಎಲ್ಲಿಗೆ, ಯಾವ ಹೊಳೆಯನ್ನು ಎಲ್ಲಿ ದಾಟುವುದು, ರಾತ್ರಿ ಯಾವ ಊರಿನಲ್ಲಿ ತಂಗುವುದು, ಯಾವ ಹೊತ್ತಿಗೆ ಮನೆಗೆ ಕರೆ ಮಾಡುವುದು, ಕರೆ ಬಾರದಿದ್ದರೆ ಎಷ್ಟು ಹೊತ್ತು ಕಾದು 112ಕ್ಕೆ ತಿಳಿಸಬೇಕು, ಇಷ್ಟನ್ನು ಬರೆದು ನಂಬಿಕೆಯ ಒಬ್ಬರ ಕೈಗೆ ಕೊಡಬೇಕು. ಆ ಒಬ್ಬರು ಗಾಬರಿಯಾಗದೆ, ಅಲಕ್ಷ್ಯವನ್ನೂ ಮಾಡದೆ ಇರಬಲ್ಲವರಾಗಿರಬೇಕು. ಬರೆದ ದಾರಿಯನ್ನು ತಿಳಿಸದೆ ಬದಲಿಸಕೂಡದು. ಚೀಟಿಯಲ್ಲಿ ಒಂದು ದಂಡೆಯ ಹೆಸರಿದ್ದು ಕಾಲು ಇನ್ನೊಂದು ದಂಡೆಯಲ್ಲಿದ್ದರೆ, ಹುಡುಕಲು ಬಂದವರು ದೋಣಿಯನ್ನು ತಪ್ಪು ಕಡೆಗೆ ನಡೆಸುತ್ತಾರೆ. ಹುಡುಕುವವರೂ ಯಾರದೋ ಮನೆಯ ಮಕ್ಕಳೆಂಬುದು ನೆನಪಿರಲಿ.

ಹಿಂದಿರುಗುವ ಧೃತಿಯೂ ಅರ್ಹತೆಯ ಒಂದು ಭಾಗ. ಮೂರು ಗಂಟೆಯೊಳಗೆ ಈ ಕೋಡನ್ನು ದಾಟದಿದ್ದರೆ ಮರಳುತ್ತೇನೆ ಎಂದು ಬೆಳಿಗ್ಗೆಯೇ ನಿಶ್ಚಯಿಸಬೇಕು. ಆಯಾಸಗೊಂಡ ಬುದ್ಧಿ ಆ ಹೊತ್ತಿನಲ್ಲಿ ಸರಿಯಾದ ತೀರ್ಮಾನವನ್ನು ಕೊಡಲಾರದು. ಜತೆಗಾರನಿದ್ದರೆ ಅವನು ಸಾಕೆನ್ನುತ್ತಾನೆ. ಒಂಟಿಯಾದವನಿಗೆ ಸಾಕೆನ್ನುವವನು ಅವನು ಬೆಳಿಗ್ಗೆ ಮಾಡಿಕೊಂಡ ನಿಶ್ಚಯವೊಂದೇ.

ಹೀಗೆ ನೋಡಿದರೆ ಒಬ್ಬನೇ ನಡೆಯುವವನ ಸಿದ್ಧತೆಯೆಲ್ಲವೂ ಇತರರ ನೆನಪಿನಿಂದಲೇ ಆದುದು. ಮೀನುಗಾರನನ್ನು ಕೇಳುವುದು, ಅಂಬಿಗನ ಹೊತ್ತನ್ನು ಅರಿಯುವುದು, ಮನೆಯವರ ನಿದ್ದೆಯನ್ನು ಕಾಯುವುದು, ಮುಂದೆ ಬರುವವನಿಗೆ ದೋಣಿಯನ್ನು ಉಳಿಸುವುದು, ಇವಿಷ್ಟನ್ನು ಮಾಡಿ ಹೊರಟವನಿಗೆ ಏಕಾಂತ ನಿಶ್ಚಿಂತೆಯಾಗಿ ದಕ್ಕುತ್ತದೆ. ಹೊರಡುವ ಮಕ್ಕಳನ್ನು ತಡೆಯುವ ಬದಲು ಆ ಚೀಟಿಯನ್ನು ಕೇಳಿ ಪಡೆದುಕೊಳ್ಳಿ ಎಂದು ತಂದೆತಾಯಂದಿರಲ್ಲಿ ನನ್ನ ವಿನಂತಿ. ಅದನ್ನು ಬರೆಯಲಾರದವನು ಇನ್ನೂ ಸಂಘದೊಡನೆ ನಡೆಯಬೇಕಾದವನು.