ಫಿಸಿಯೋಥೆರಪಿ ಓದಬೇಕೆ? ಮೊದಲು ಓಪಿಡಿ ನೋಡಿ

ಎಂಬಿಬಿಎಸ್ ಸೀಟು ಸಿಗಲಿಲ್ಲ, ಫಿಸಿಯೋಥೆರಪಿಯಾದರೂ ಆಗಲಿ ಎನ್ನುವ ಮನೆಗಳು ಬಹಳ. ಆ 'ಆದರೂ' ನನಗೆ ಹಿಡಿಸದು. 1950ರ ದಶಕದ ಆರಂಭದಲ್ಲಿ, ಪೋಲಿಯೋ ಹಾವಳಿಯ ಬೆನ್ನಿಗೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಬರೀ ಮಾಲೀಶು ಕಲಿಸಲಿಕ್ಕಲ್ಲ!

ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. 2021ರ ಕೇಂದ್ರ ಕಾಯ್ದೆ ಬಂದ ಮೇಲೆ ಪ್ರವೇಶದ ನಿಯಮ, ಕೋರ್ಸಿನ ಅವಧಿ ಬದಲಾಗುತ್ತಿವೆ. ಸೀನಿಯರುಗಳ ಮಾತು ನಂಬಿ ಕೂರದೆ ಕಾಲೇಜಿನಲ್ಲೇ ವಿಚಾರಿಸಿ.

ಸೇರಿದ ಮೇಲೆ ಅನಾಟಮಿಯೇ ಬುನಾದಿ. ಸ್ನಾಯುಗಳ ಹೆಸರು ಉರು ಹೊಡೆದರೆ ಸಾಲದು. ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಗೆಳೆಯರ ತೋಳಿನ ಮೇಲೆ ಬೆರಳಿಟ್ಟು ಹುಡುಕಿ. ಭೌತಶಾಸ್ತ್ರದ ಸನ್ನೆಯ ಪಾಠ ಮೊಣಕೈಯಲ್ಲೇ ಇದೆ.

ಆದರೆ ಫೀಸು ಕಟ್ಟುವ ಮುಂಚೆ, ಅನುಮತಿ ಕೇಳಿ, ನಾಲ್ಕು ದಿನ ಓಪಿಡಿಯಲ್ಲಿ ಕೂತು ನೋಡಿ. ಪಾರ್ಶ್ವವಾಯು ಬಡಿದ ಹಿರಿಯರು ಒಂದು ಲೋಟ ಎತ್ತಲು ವಾರಗಟ್ಟಲೆ ಹೆಣಗುತ್ತಾರೆ. ಆ ನಿಧಾನ ನಿಮಗೆ ಬೇಸರ ತರುವುದಾದರೆ ಈಗಲೇ ತಿಳಿಯಲಿ.

ಹಾಂ, ಮನೆಯ ಕನ್ನಡ ಬಿಡಬೇಡಿ. 'ಜೋಮು ಹಿಡಿದಿದೆ', 'ಸೆಳೀತಿದೆ', 'ಚುಚ್ತಿದೆ', ಮೂರೂ ಬೇರೆ ಬೇರೆ ತೊಂದರೆ. ಊರಿಂದ ಬಂದ ಅಜ್ಜಿ ಹಿಂದಿಯಲ್ಲಿ ಮೂರಕ್ಕೂ 'ದರ್ದ್' ಎಂದಷ್ಟೇ ಹೇಳಿಯಾರು.