ಬಟ್ಟೆಯೂ ಪಟ್ಟೆಯೂ ಐದು ಪ್ರಶ್ನೆ ಚಿಹ್ನೆ ಆದಾಗ: ಸಿರುಮುಗೈ ಪದಸಂಗ್ರಹ ಮತ್ತು ಲಿನಕ್ಸ್ ಸರ್ವರಿನ ಡೇಟಾಬೇಸ್ ಡ್ರೈವರ್

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)

ಕನ್ನಡ ಎಂ.ಎ. ಓದುವವರು ಡೇಟಾಬೇಸ್ ಡ್ರೈವರ್ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಗ್ರಂಥಸಂಪಾದನೆಯ ತರಗತಿಯಲ್ಲಿ ಲಿಪಿಕಾರರ ಕೈಯಲ್ಲಿ ಪಾಠ ಹೇಗೆ ಕೆಡುತ್ತದೆ ಅಂತ ಓದಿದ್ದೇವಲ್ಲ, ಇದು ಅದೇ ಜಾತಿಯ ವಿಷಯ. ಓಲೆಗರಿಯ ಲಿಪಿಕಾರ ಒಂದು ಅಕ್ಷರ ಬಿಟ್ಟರೆ ಇನ್ನೊಂದು ಪ್ರತಿಯಿಂದ ಹಿಡಿಯಬಹುದು. ಇಲ್ಲಿ ಒಂದೇ ಪ್ರತಿ ಇರುತ್ತದೆ, ಲಿಪಿಕಾರ ಕಣ್ಣಿಗೇ ಬೀಳುವುದಿಲ್ಲ.

ಸಿರುಮುಗೈ ಕೊಯಮತ್ತೂರು ಜಿಲ್ಲೆಯಲ್ಲಿ, ಮೇಟ್ಟುಪಾಳಯದ ಹತ್ತಿರ, ಭವಾನಿ ನದಿಯ ದಡದ ಊರು. ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದದ್ದು. ಅಲ್ಲಿ ನೇಯುವವರಲ್ಲಿ ದೇವಾಂಗರು ಬಹಳ. ಮನೆಮಾತು ಕನ್ನಡ, ಕುಲದೇವತೆ ಚೌಡೇಶ್ವರಿ, ದೇವರ ದಾಸಿಮಯ್ಯನನ್ನು ತಮ್ಮವನೆಂದು ನೆನೆಯುವ ಸಮುದಾಯ. ಓದು ಬರಹ ಮಾತ್ರ ತಮಿಳಿನಲ್ಲಿ. ಆದ್ದರಿಂದ ಪದಸಂಗ್ರಹಕ್ಕೆ ನಮಗೆ ಅಲ್ಲಿಂದ ಸಿಕ್ಕ ಕಾಗದದ ಪಟ್ಟಿಗಳೆಲ್ಲ ತಮಿಳು ಲಿಪಿಯಲ್ಲಿವೆ, ಮಾತು ಕನ್ನಡ. ಕನ್ನಡ ಲಿಪಿಯ ರೂಪವನ್ನು ಧ್ವನಿಮುದ್ರಣ ಕೇಳಿ ನಾವು ಸೇರಿಸಿದ್ದು. ಹೀಗಾಗಿ ಕೋಷ್ಟಕದಲ್ಲಿ ಕನ್ನಡ ರೂಪ, ತಮಿಳು ಲಿಪಿಯ ರೂಪ, ಇಂಗ್ಲಿಷ್ ಅರ್ಥ, ಧ್ವನಿ ಕಡತದ ಸಂಖ್ಯೆ ಅಂತ ನಾಲ್ಕು ಕಾಲಂ.

ಪದಗಳು ಒಂದು ಯಂತ್ರದಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿವೆ. ಹುಡುಕುವ ಪುಟ ಇನ್ನೊಂದು ಲಿನಕ್ಸ್ ಸರ್ವರಿನಲ್ಲಿದೆ. ಆ ಪುಟ ತೆರೆದಾಗ ಅರ್ಥ ಬಂತು, ಸಂಖ್ಯೆ ಬಂತು, ಪದ ಇರಬೇಕಾದ ಎರಡೂ ಕಾಲಮ್ಮಿನಲ್ಲಿ ಬರೀ ಪ್ರಶ್ನೆ ಚಿಹ್ನೆ. 'ಬಟ್ಟೆ' ಇರಬೇಕಾದಲ್ಲಿ ಐದು, 'ಪಟ್ಟೆ' ಇರಬೇಕಾದಲ್ಲೂ ಐದು, 'ಹಾಸು' ಇದ್ದಲ್ಲಿ ನಾಲ್ಕು. ನಮಗೆ 'ಬಟ್ಟೆ' ಎರಡು ಅಕ್ಷರ. ಯಂತ್ರಕ್ಕೆ ಅದು ಬ, ಟ, ವಿರಾಮ ಚಿಹ್ನೆ, ಇನ್ನೊಂದು ಟ, ಎತ್ವ ಹೀಗೆ ಐದು ಘಟಕ. ಯುಟಿಎಫ್-8ರಲ್ಲಿ ಘಟಕಕ್ಕೆ ಮೂರರಂತೆ 15 ಬೈಟು. ಒಂದೊಂದು ಘಟಕಕ್ಕೆ ಒಂದೊಂದು ಪ್ರಶ್ನೆ ಚಿಹ್ನೆ ಬಂದಿದೆ ಅಂದ್ರೆ, ದಾರಿಯಲ್ಲಿ ಯಾರೋ ಇದು ಕನ್ನಡ ಅಂತ ಗುರುತಿಸಿದ್ದಾರೆ, ಆದರೆ ಮುಂದೆ ಸಾಗಿಸುವ ಪಾತ್ರೆಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ.

ಈ 'ಯಾರೋ' ಯಾರು ಅಂತ ತಿಳಿಯೋಕೆ ಡ್ರೈವರ್ ಅಂದರೇನು ಅಂತ ನೋಡಬೇಕು. ಡೇಟಾಬೇಸಿಗೆ ತನ್ನದೇ ಭಾಷೆ ಇದೆ, ನಾವು ಬರೆದ ಪ್ರೋಗ್ರಾಮಿಗೆ ಇನ್ನೊಂದು. ನಡುವೆ ಕೂತ ದುಭಾಷಿಯೇ ಡ್ರೈವರ್. ಮೈಕ್ರೋಸಾಫ್ಟ್ 1992ರಲ್ಲಿ ತಂದ ಓಡಿಬಿಸಿ ಎಂಬ ಒಪ್ಪಂದದ ಪ್ರಕಾರ, ಪ್ರೋಗ್ರಾಮು ಒಂದೇ ರೀತಿಯಲ್ಲಿ ಕೇಳಿದರೆ ಸಾಕು, ಯಾವ ಡೇಟಾಬೇಸಾದರೂ ಅದರ ದುಭಾಷಿ ತಲುಪಿಸುತ್ತಾನೆ. ಲಿನಕ್ಸಿನಲ್ಲಿ ಯಾವ ದುಭಾಷಿಯನ್ನು ಕರೆಯಬೇಕು ಅಂತ ನೋಡಿಕೊಳ್ಳುವ ಮೇಸ್ತ್ರಿ ಯೂನಿಕ್ಸ್‌ಓಡಿಬಿಸಿ. ಅದಕ್ಕೆ ಎರಡು ಚಿಕ್ಕ ಕಡತ ಬೇಕು. ಓಡಿಬಿಸಿಇನ್‌ಸ್ಟ್ ಡಾಟ್ ಐಎನ್‌ಐ ಎಂಬುದರಲ್ಲಿ ಡ್ರೈವರುಗಳ ಹೆಸರು ಮತ್ತು ಅವು ಇರುವ ಜಾಗ. ಓಡಿಬಿಸಿ ಡಾಟ್ ಐಎನ್‌ಐ ಎಂಬುದರಲ್ಲಿ ಸಂಪರ್ಕಗಳ ಹೆಸರು: ಯಾವ ಯಂತ್ರ, ಯಾವ ಪೋರ್ಟು, ಯಾವ ಡೇಟಾಬೇಸು, ಯಾವ ಡ್ರೈವರು.

ಸಂಪರ್ಕವೇ ಆಗದಿದ್ದರೆ ಸಿಗುವ ದೋಷಗಳು ಗಲಾಟೆ ಮಾಡುತ್ತವೆ, ಹಾಗಾಗಿ ಸುಲಭ. 'ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್' ಅಂತ ಬಂದರೆ ಮೇಸ್ತ್ರಿಗೆ ಆ ಹೆಸರೇ ಕಾಣಿಸಿಲ್ಲ. ಓಡಿಬಿಸಿಇನ್‌ಸ್ಟ್ ಎಂಬ ಆದೇಶವನ್ನು ಹೈಫನ್ ಜೆ ಸೇರಿಸಿ ಕೊಟ್ಟರೆ ಅದು ನಿಜಕ್ಕೂ ಯಾವ ಕಡತ ಓದುತ್ತಿದೆ ಅಂತ ಹೇಳುತ್ತದೆ. ಎಷ್ಟೋ ಸಲ ನಾವು ತಿದ್ದುತ್ತಿರುವ ಕಡತ ಒಂದು, ಅದು ಓದುತ್ತಿರುವುದು ಇನ್ನೊಂದು. ನಮ್ಮ ಲಾಗಿನ್ನಿನಲ್ಲಿ ಸರಿಯಾಗಿ ನಡೆದದ್ದು ವೆಬ್ ಸರ್ವರಿನ ಲಾಗಿನ್ನಿನಲ್ಲಿ ನಡೆಯದಿರುವುದಕ್ಕೂ ಇದೇ ಕಾರಣ, ನಮ್ಮ ಮನೆ ಫೋಲ್ಡರಿನ ಕಡತ ಅದಕ್ಕೆ ಕಾಣದು. 'ಕಾಂಟ್ ಓಪನ್ ಲಿಬ್, ಫೈಲ್ ನಾಟ್ ಫೌಂಡ್' ಅನ್ನೋದು ಸ್ವಲ್ಪ ಸುಳ್ಳು ಹೇಳುವ ಸಂದೇಶ. ಡ್ರೈವರಿನ ಕಡತ ಕಣ್ಣೆದುರೇ ಇರುತ್ತದೆ, ಅದು ನೆಚ್ಚಿಕೊಂಡ ಬೇರೆ ಲೈಬ್ರರಿ ಇರುವುದಿಲ್ಲ. ಎಲ್‌ಡಿಡಿ ಆದೇಶಕ್ಕೆ ಆ ಡ್ರೈವರಿನ ದಾರಿ ಕೊಟ್ಟರೆ ಕಾಣೆಯಾದದ್ದರ ಹೆಸರು ಸಿಗುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಆ ಬಾಗಿಲಲ್ಲಿ, ಅಂದರೆ 3306ನೇ ಪೋರ್ಟಿನಲ್ಲಿ, ಯಾರೂ ಕೂತಿಲ್ಲ. ಬಹಳ ಹೊತ್ತು ಕಾದು ಟೈಮ್‌ಔಟ್ ಆದರೆ ಹೆಚ್ಚಾಗಿ ನಡುವೆ ಫೈರ್‌ವಾಲ್. ಹಳೇ ಡ್ರೈವರು ಮೈಎಸ್‌ಕ್ಯೂಎಲ್ 8ರ ಹೊಸ ಗುಪ್ತಪದ ವಿಧಾನ ತಿಳಿಯದೆ ಎಡವುವುದೂ ಉಂಟು. ಇವೆಲ್ಲ ಒಂದು ಮಧ್ಯಾಹ್ನದ ಕೆಲಸ.

ನಮ್ಮದರಲ್ಲಿ ಇದ್ಯಾವುದೂ ಇಲ್ಲ. ಐಎಸ್‌ಕ್ಯೂಎಲ್ ಎಂಬ ಪರೀಕ್ಷೆಯ ಸಾಧನ 'ಕನೆಕ್ಟೆಡ್' ಅಂತ ಹೇಳುತ್ತಿತ್ತು. ಕನ್ನಡದವರು ನಿಜವಾಗಿ ಹೆದರಬೇಕಾದ್ದು ಈ ಶಾಂತ ದೋಷಕ್ಕೆ.

ಮೈಎಸ್‌ಕ್ಯೂಎಲ್ ತನ್ನ ಓಡಿಬಿಸಿ ಡ್ರೈವರನ್ನು ಎರಡು ರೂಪದಲ್ಲಿ ಕೊಡುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಡಬ್ಲ್ಯೂ ಇದ್ದರೆ ಯೂನಿಕೋಡ್ ಡ್ರೈವರು, ಎ ಇದ್ದರೆ ಆನ್ಸಿ ಡ್ರೈವರು. ಒಂದೇ ಅಕ್ಷರದ ವ್ಯತ್ಯಾಸ. ನಮ್ಮ ಸರ್ವರಿನಲ್ಲಿ ಮೊದಲಿನಿಂದ ಇದ್ದದ್ದು ಎ, ಜೊತೆಗೆ ಸಂಪರ್ಕದ ಅಕ್ಷರಸಮೂಹ ಲ್ಯಾಟಿನ್1. ಲ್ಯಾಟಿನ್1 ಪಶ್ಚಿಮ ಯುರೋಪಿನ ಭಾಷೆಗಳಿಗೆ ಸಾಲುವ 256 ಮನೆಗಳ ಚಾವಡಿ, ಅದರಲ್ಲಿ ಕನ್ನಡಕ್ಕೂ ತಮಿಳಿಗೂ ಮನೆ ಇಲ್ಲ.

ಹಾಗಿದ್ದರೆ ಇಷ್ಟು ದಿನ ಯಾರಿಗೂ ತೊಂದರೆ ಆಗಲಿಲ್ಲವೇ? ಆಗಲಿಲ್ಲ, ಅದಕ್ಕೆ ಕನ್ನಡದ್ದೇ ಕಾರಣ ಇದೆ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೆ ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬಹುಕಾಲ ನಡೆದದ್ದು ನುಡಿ, ಬರಹದ ಹಳೆಯ ಫಾಂಟ್ ಪದ್ಧತಿ. ಅದರಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಅದರ ಅಕ್ಕಪಕ್ಕದ ಚಿಹ್ನೆಗಳು, ಕನ್ನಡವಾಗಿ ಕಾಣೋದು ಫಾಂಟಿನ ವೇಷದಿಂದ. ಅಂಥ ಪಠ್ಯ ಲ್ಯಾಟಿನ್1 ಕೊಳವೆಯಲ್ಲಿ ಸಲೀಸಾಗಿ ಹಾದುಹೋಗುತ್ತದೆ. ಅದೇ ಸರ್ವರಿನ ಹಳೆಯ ಗ್ರಂಥಸೂಚಿ ನುಡಿಯಲ್ಲಿದ್ದದ್ದರಿಂದ ಚೆನ್ನಾಗಿಯೇ ಕಾಣುತ್ತಿತ್ತು. ನಿಜವಾದ ಕನ್ನಡ ಅಕ್ಷರ ಬಂದ ದಿನ ದಾರಿ ಮುಚ್ಚಿತ್ತು ಅಂತ ಗೊತ್ತಾಯಿತು.

ಪರಿಹಾರಕ್ಕೆ ಕೈಹಾಕುವ ಮೊದಲು ಒಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ತೆರೆಯ ಮೇಲಿನ ಪ್ರಶ್ನೆ ಚಿಹ್ನೆ ಎರಡು ಥರ. ಒಂದು, ಪದ ಡೇಟಾಬೇಸಿನಲ್ಲಿ ಕ್ಷೇಮವಾಗಿದೆ, ಓದಿ ತರುವಾಗ ಮಾತ್ರ ಕೆಟ್ಟಿದೆ. ಇನ್ನೊಂದು, ಬರೆಯುವಾಗಲೇ ಕೆಟ್ಟು ಡೇಟಾಬೇಸಿನೊಳಗೇ ಪ್ರಶ್ನೆ ಚಿಹ್ನೆ ಕೂತಿದೆ. ಮೊದಲನೆಯದರಲ್ಲಿ ನಷ್ಟ ಇಲ್ಲ, ಎರಡನೆಯದರಲ್ಲಿ ಪದ ಹೋಯಿತು. ಮೊದಲನೆಯದು ಎರಡನೆಯದಾಗಲು ಒಂದು ಕ್ಲಿಕ್ ಸಾಕು. ಪುಟದಲ್ಲಿ 'ತಿದ್ದಿ ಉಳಿಸಿ' ಗುಂಡಿ ಇದ್ದು, ಯಾರೋ ಒಳ್ಳೆಯ ಮನಸ್ಸಿನಿಂದ ಇಂಗ್ಲಿಷ್ ಅರ್ಥದ ಕಾಗುಣಿತ ತಿದ್ದಿ ಉಳಿಸಿದರೆ, ಇಡೀ ಸಾಲು ವಾಪಸ್ ಹೋಗುತ್ತದೆ, ಆ ಐದು ಪ್ರಶ್ನೆ ಚಿಹ್ನೆಗಳ ಸಮೇತ. ಡೇಟಾಬೇಸ್ ತಕರಾರು ಮಾಡುವುದಿಲ್ಲ, ಪ್ರಶ್ನೆ ಚಿಹ್ನೆಯೂ ಅದಕ್ಕೆ ಒಂದು ಸರಿಯಾದ ಅಕ್ಷರವೇ. ನಮ್ಮ ಸಂಗ್ರಹದ ಕೆಲವು ಸಾಲು ಹೀಗೆಯೇ ಹೋಗಿವೆ. ಆದ್ದರಿಂದ ಡ್ರೈವರು ಮುಟ್ಟುವ ಮುಂಚೆ ಆ ಲಾಗಿನ್ನಿನ ಬರೆಯುವ ಹಕ್ಕು ತೆಗೆಯಿರಿ, ಓದುವ ಹಕ್ಕು ಮಾತ್ರ ಇರಲಿ.

ಆಮೇಲೆ ಡೇಟಾಬೇಸ್ ಇರುವ ಯಂತ್ರಕ್ಕೇ ಹೋಗಿ, ಹೆಕ್ಸ್ ಎಂಬ ಫಂಕ್ಷನ್ನಿನಿಂದ ಪದದ ಬೈಟುಗಳನ್ನು ನೋಡಬೇಕು. ಕಣ್ಣನ್ನು ನಂಬಬೇಡಿ, ಬೈಟನ್ನು ನಂಬಿ. ಕನ್ನಡದ ಯಾವ ಘಟಕವಾದರೂ ಇ0 ಬಿ2 ಅಥವಾ ಇ0 ಬಿ3 ಅಂತ ಶುರುವಾಗುತ್ತದೆ, ತಮಿಳಾದರೆ ಇ0 ಎಇ ಅಥವಾ ಇ0 ಎಎಫ್. ಹಾಗಿದ್ದರೆ ಪದ ಕ್ಷೇಮ. ಸಾಲಾಗಿ 3ಎಫ್ 3ಎಫ್ 3ಎಫ್ ಅಂತಿದ್ದರೆ ಅದು ಪ್ರಶ್ನೆ ಚಿಹ್ನೆಯೇ, ಅದನ್ನು ಯಾವ ಮಂತ್ರವೂ ಬಟ್ಟೆ ಮಾಡಲಾರದು.

ಮೂರನೆಯದೂ ಒಂದುಂಟು: ಸಿ3 ಎ0 ಸಿ2 ಬಿ2 ಅಂತ ಶುರುವಾಗುವುದು. ತೆರೆಯ ಮೇಲೆ ತಲೆಮೇಲೆ ಗೆರೆ ಇರುವ ಎ, ಪಕ್ಕದಲ್ಲಿ ಪುಟ್ಟ ಎರಡು, ಹೀಗೆ ವಿಕಾರವಾಗಿ ಕಾಣುತ್ತದೆ. ಪ್ರೋಗ್ರಾಮು ಯುಟಿಎಫ್-8 ಬೈಟುಗಳನ್ನೇ ಕಳಿಸಿದೆ, ಅವು ಲ್ಯಾಟಿನ್1 ಅಂತ ತಿಳಿದ ಡೇಟಾಬೇಸ್ ಇನ್ನೊಮ್ಮೆ ಯುಟಿಎಫ್-8 ಮಾಡಿದೆ. ನೋಡೋಕೆ ಭಯಂಕರ, ಆದರೆ ಇದರಲ್ಲಿ ಏನೂ ಕಳೆದಿಲ್ಲ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಎಲ್ಲ 256 ಬೈಟಿಗೂ ಜಾಗ ಕೊಟ್ಟಿರುವುದರಿಂದ ಹಿಂದಕ್ಕೆ ಬಿಚ್ಚಬಹುದು: ಲ್ಯಾಟಿನ್1ಕ್ಕೆ ತಿರುಗಿಸಿ, ಬರೀ ಬೈಟು ಅಂತ ಪರಿಗಣಿಸಿ, ಯುಟಿಎಫ್-8 ಅಂತ ಓದಿಸುವುದು. ಇಂಥ ಸಾಲುಗಳು ತಪ್ಪು ಡ್ರೈವರಿನಲ್ಲಿ ಸರಿಯಾಗಿಯೇ ಕಾಣುತ್ತವೆ, ಡ್ರೈವರು ಸರಿಮಾಡಿದ ಮೇಲೆ ಕೆಟ್ಟಂತೆ ಕಾಣುತ್ತವೆ. ಆಗ ಗಾಬರಿಯಾಗಿ ಹಳೆಯದಕ್ಕೆ ವಾಪಸ್ ಹೋಗಬಾರದು.

ತಿದ್ದುವ ಕೆಲಸ ಇಷ್ಟೇ: ಓಡಿಬಿಸಿ ಡಾಟ್ ಐಎನ್‌ಐಯಲ್ಲಿ ಎ ಬದಲು ಡಬ್ಲ್ಯೂ ಡ್ರೈವರಿನ ಹೆಸರು, ಚಾರ್‌ಸೆಟ್ ಎಂಬಲ್ಲಿ ಯುಟಿಎಫ್8ಎಂಬಿ4. ಕೋಷ್ಟಕದ ಕಾಲಮ್ಮುಗಳೂ ಅದೇ ಆಗಿರಬೇಕು, 5.7ರವರೆಗಿನ ಮೈಎಸ್‌ಕ್ಯೂಎಲ್‌ನಲ್ಲಿ ಹೇಳದೇ ಬಿಟ್ಟರೆ ಲ್ಯಾಟಿನ್1 ಆಗುತ್ತಿತ್ತು, 8ರಿಂದ ಬದಲಾಗಿದೆ. ಬೇರೆ ಪರೀಕ್ಷಾ ಕೋಷ್ಟಕದಲ್ಲಿ ಒಂದು ಪದ ಬರೆದು, ಹೆಕ್ಸ್ ನೋಡಿ, ಓದಿ ತಂದು ಹೋಲಿಸಿ, ಆಮೇಲೆ ಬರೆಯುವ ಹಕ್ಕು ವಾಪಸ್ ಕೊಡಿ.

ಮಂಡನೆಯ ನಂತರ ಗುರುಗಳೊಬ್ಬರು ಕೇಳಿದರು: "ತಮಿಳು ಲಿಪಿಯ ಕಾಗದ ಇದೆಯಲ್ಲಪ್ಪ, ಹೋದ ಪದಗಳನ್ನು ಅದರಿಂದಲೇ ತುಂಬಬಾರದೇ?"

ಬಹುಪಾಲು ತುಂಬಬಹುದು ಸರ್. ಆದರೆ ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ತ, ದಗಳಿಗೆ ಒಂದೇ. ಪ, ಬಗಳಿಗೂ ಒಂದೇ. ಪದದ ನಡುವೆ ಬಂದರೆ ಎಷ್ಟೋ ಸಲ ಊಹಿಸಬಹುದು, ಪದದ ಮೊದಲಲ್ಲಿ ಬಂದರೆ ಕಷ್ಟ. ಗಾಳಿ, ಕಾಳಿ ಒಂದೇ ಥರ. ದಡ, ತಡ ಒಂದೇ ಥರ. ನೇಕಾರರ ಪದಸಂಗ್ರಹದಲ್ಲಿ ಬಟ್ಟೆ ಮತ್ತು ಪಟ್ಟೆ, ಅಂದರೆ ಅರಿವೆ ಮತ್ತು ರೇಷ್ಮೆ, ಕಾಗದದ ಮೇಲೆ ಒಂದೇ. ಯೂನಿಕೋಡಿನಲ್ಲಿ ಮಾತ್ರ ಎರಡಕ್ಕೂ ಮೂರನೇ ಬೈಟು ಬೇರೆ: ಬಕ್ಕೆ ಎಸಿ, ಪಕ್ಕೆ ಎಎ. ಹಾಗಾಗಿ ಹೋದ ಸಾಲುಗಳಲ್ಲಿ ಈ ಅಕ್ಷರಗಳಿಂದ ಶುರುವಾಗುವುದನ್ನು ಬೇರೆ ಪಟ್ಟಿ ಮಾಡಿ ಧ್ವನಿಮುದ್ರಣ ಮತ್ತೆ ಕೇಳುತ್ತಿದ್ದೇವೆ. ಕೆಲವನ್ನು ಮಗ್ಗ ಓಡುತ್ತಿರುವಾಗಲೇ ಮುದ್ರಿಸಿದ್ದರಿಂದ ಮೊದಲಕ್ಷರ ಲಾಳಿಯ ಸದ್ದಿನಲ್ಲಿ ಮುಳುಗಿದೆ. ಅವನ್ನು ಹೇಳಿದವರ ಬಾಯಿಂದಲೇ ಇನ್ನೊಮ್ಮೆ ಕೇಳೋಕೆ ಸಿರುಮುಗೈಗೆ ಹೋಗಬೇಕು.